ಸೌರ ಪಂಪ್‌ಸೆಟ್ ಹೆಸರಿನ ಖೊಟ್ಟಿ ಜಾಲತಾಣ: ಗುರುತು ಹಿಡಿಯುವ ಬಗೆ

ಬಿತ್ತನೆ ಬೀಜ ಕೊಳ್ಳುವಾಗ ಚೀಲದ ಮೇಲಿನ ಚಿತ್ರ ನೋಡಿ ಮರುಳಾಗಬೇಡಿ, ಬಾಯಿಗೆ ಹೊಲಿದಿರುವ ಚೀಟಿ ನೋಡಿ ಎಂದು ಕೃಷಿ ಇಲಾಖೆಯವರಾದ ನಾವು ಊರೂರಿಗೆ ಹೋಗಿ ಹೇಳುತ್ತ ಬಂದಿದ್ದೇವೆ. ತಳಿವರ್ಧಕ ಬೀಜಕ್ಕೆ ಹಳದಿ ಚೀಟಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಇಂದು ಶೇಂಗಾ, ರಾಗಿ ಬೀಜಕ್ಕೆ ಬರುವ ರೈತರಲ್ಲಿ ಅನೇಕರು ನಾವು ಹೇಳುವ ಮೊದಲೇ ಚೀಟಿಯನ್ನು ತಿರುವಿ ಲಾಟ್ ನಂಬರು, ಪರೀಕ್ಷೆಯ ದಿನಾಂಕ ಓದಿಕೊಳ್ಳುತ್ತಾರೆ. ಚೀಟಿಯಿಲ್ಲದ ಚೀಲವನ್ನು ಕಾಲಿನಿಂದ ಸರಿಸಿ ಮುಂದೆ ಹೋಗುವವರನ್ನೂ ನೋಡಿದ್ದೇನೆ.

ಮೊಬೈಲಿನಲ್ಲಿ ಬರುವ ಜಾಲತಾಣಕ್ಕೂ ಇಂಥದೇ ಒಂದು ಚೀಟಿ ಉಂಟು. ಅದನ್ನು ಓದುವುದು ಬೀಜದ ಚೀಟಿ ಓದುವುದಕ್ಕಿಂತ ಕಷ್ಟವೇನಲ್ಲ. ಆದರೆ ಎರಡು ದಶಕ ನೌಕರಿ ಮಾಡಿದ ನಾನೇ ಅದನ್ನು ಓದದೆ ಒಂದು ತಪ್ಪು ಮಾಡಿದೆ. ಆ ತಪ್ಪಿನ ಬೆಲೆ ತೆತ್ತವರು ನಮ್ಮ ಹೋಬಳಿಯ ಒಬ್ಬ ರೈತರು. ಅವರ ಒಪ್ಪಿಗೆ ಪಡೆದು, ಹೆಸರು ಊರು ಬಿಟ್ಟು, ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು 2024ರ ಫೆಬ್ರವರಿ ತಿಂಗಳು. ಹಿಂದಿನ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ಕೊಳವೆಬಾವಿಯಲ್ಲಿ ಅಷ್ಟಿಷ್ಟು ನೀರು ಉಳಿದಿದ್ದವರಿಗೂ ತ್ರೀ ಫೇಸ್ ಕರೆಂಟು ಬರುತ್ತಿದ್ದುದು ಅಪರಾತ್ರಿಯಲ್ಲಿ. ಟಾರ್ಚು ಹಿಡಿದು ತೋಟಕ್ಕೆ ಹೋಗಿ, ಮೋಟಾರು ಹಾಕಿ, ಅರ್ಧ ಮಡಿ ನೀರು ಹಾಯುವಷ್ಟರಲ್ಲಿ ಕರೆಂಟು ಹೋಗಿ, ಮತ್ತೆ ಬರುತ್ತದೆಂದು ಬದುವಿನ ಮೇಲೆಯೇ ಕುಳಿತಿರುವುದು. ಇಂಥ ಹೊತ್ತಿನಲ್ಲಿ ಬಿಸಿಲಿನಿಂದಲೇ ಹಗಲು ಓಡುವ ಪಂಪ್‌ಸೆಟ್ಟು ಸರ್ಕಾರದ ಸಹಾಯಧನದಲ್ಲಿ ಸಿಗುತ್ತದೆಂದರೆ ಯಾರ ಕಿವಿ ನೆಟ್ಟಗಾಗುವುದಿಲ್ಲ?

ಅಂಥದೊಂದು ಸಂದೇಶ ಪರಿಚಯದವರೊಬ್ಬರಿಂದ ನನ್ನ ವಾಟ್ಸ್‌ಆ್ಯಪ್‌ಗೆ ಬಂತು. ಮೇಲೆ ಅಶೋಕ ಸ್ತಂಭದ ಸಿಂಹಗಳು, ಕೆಳಗೆ ಸಚಿವಾಲಯದ ಹೆಸರು, ಪಕ್ಕದಲ್ಲಿ ಹಸಿರು ಗದ್ದೆಯ ನಡುವೆ ನೀಲಿ ಫಲಕಗಳ ಚಿತ್ರ, ಶೇ. 90 ಸಹಾಯಧನ, ಅರ್ಜಿಗೆ ಇನ್ನು ಮೂರೇ ದಿನ. ಮಧ್ಯಾಹ್ನದ ಊಟದ ಹೊತ್ತು. ಬಲಗೈಯಲ್ಲಿ ಮುದ್ದೆ ಮುರಿಯುತ್ತ ಎಡಗೈ ಹೆಬ್ಬೆರಳಿನಿಂದ ಅದನ್ನು ನಮ್ಮ ಹೋಬಳಿಯ ರೈತರ ಗುಂಪಿಗೆ ಕಳಿಸಿಬಿಟ್ಟೆ. ಆ ಗುಂಪಿನಲ್ಲಿ ನಾನೂರಕ್ಕೂ ಹೆಚ್ಚು ಜನರಿದ್ದಾರೆ. ಬಿತ್ತನೆ ಬೀಜ ಬಂದಿದೆ, ಲದ್ದಿಹುಳುವಿಗೆ ಇಂಥ ಔಷಧಿ ಸಿಂಪಡಿಸಿ ಎಂದು ನಾನು ಹಾಕಿದ ಮಾತನ್ನು ನಂಬಿ ನಡೆಯುವವರು.

ಹನ್ನೆರಡನೆಯ ದಿನ ಒಬ್ಬರು ಹಿರಿಯ ರೈತರು ರೈತ ಸಂಪರ್ಕ ಕೇಂದ್ರಕ್ಕೆ ಬಂದರು. ಮೂರೂವರೆ ಎಕರೆ ಜಮೀನು, ಅದರಲ್ಲಿ ಒಂದು ಎಕರೆ ಅಡಿಕೆ ಸಸಿ.

“ಸಾರ್, ಲಾರಿ ಆಗ್ಲೇ ಚಿತ್ರದುರ್ಗ ದಾಟೈತಂತೆ. ಇನ್ನೂ ಇಪ್ಪತ್ತೊಂದು ಸಾವ್ರ ಕಟ್ಬೇಕಂತೆ. ಕಟ್ಲಾ?”

“ಯಾವ ಲಾರಿ, ಯಜಮಾನ್ರೇ?”

“ಪಂಪ್‌ಸೆಟ್ಟಿಂದು ಸಾರ್. ನೀವೇ ಗುಂಪಿಗೆ ಕಳ್ಸಿದ್ರಲ್ಲ.”

ಆಗ ನನ್ನ ಮುಖ ಹೇಗಾಗಿತ್ತೋ ನಾನರಿಯೆ. ಮೊಬೈಲು ಈಸಿಕೊಂಡು ನೋಡಿದೆ. ಅವರ ಮಗ ಆ ತಾಣದಲ್ಲಿ ಅರ್ಜಿ ತುಂಬಿದ್ದ. ಹೆಸರು, ಆಧಾರ್, ಸರ್ವೆ ನಂಬರು, ಹೋಬಳಿ, ಬ್ಯಾಂಕ್ ಖಾತೆ ಎಲ್ಲವನ್ನೂ ಬರೆದಿದ್ದ. ಮರುದಿನವೇ ಅಚ್ಚ ಕನ್ನಡದಲ್ಲಿ ಮಾತನಾಡುವ ‘ಅಧಿಕಾರಿ’ಯೊಬ್ಬ ಫೋನು ಮಾಡಿ ಸರ್ವೆ ನಂಬರನ್ನೂ ಹೋಬಳಿಯ ಹೆಸರನ್ನೂ ತಾನೇ ಹೇಳಿದ. ಇಷ್ಟೆಲ್ಲ ತಿಳಿದಿದ್ದಾನೆಂದರೆ ಸರ್ಕಾರದವನೇ ಇರಬೇಕೆಂದು ತಂದೆ ಮಗ ಇಬ್ಬರೂ ನಂಬಿದರು. ತಾವೇ ಬರೆದುಕೊಟ್ಟದ್ದನ್ನು ಆತ ತಮಗೇ ಓದಿ ಹೇಳುತ್ತಿದ್ದಾನೆಂಬುದು ಹೊಳೆಯಲಿಲ್ಲ. ಮೊದಲು ನೋಂದಣಿಗೆಂದು 5,600 ರೂಪಾಯಿ ಹೋಯಿತು. ಬಳಿಕ ಮೊಹರು, ಸಹಿ, ಕಡತದ ಸಂಖ್ಯೆ ಎಲ್ಲವೂ ಇದ್ದ ಮಂಜೂರಾತಿ ಪತ್ರ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಅದನ್ನು ನೋಡಿ ರೈತರ ಪಾಲಿನ ವಂತಿಕೆಯೆಂದು 38,400 ರೂಪಾಯಿ ಕಳಿಸಿದರು. ಒಟ್ಟು 44,000. ಇದರಲ್ಲಿ ಹೆಚ್ಚಿನ ಭಾಗ, ಮೇವು ಸಾಲದೆಂದು ಮಾರಿದ್ದ ಕರೆಯುವ ಹಸುವಿನ ಹಣ. ಮೂರನೆಯ ಕಂತು ಸಾಗಾಣಿಕೆಯ ವಿಮೆಗೆ, ಅದು ಆಮೇಲೆ ವಾಪಸು ಬರುತ್ತದಂತೆ! ಆ ಕಂತು ಕಟ್ಟುವ ಮೊದಲು ನನ್ನನ್ನೊಮ್ಮೆ ಕೇಳೋಣವೆಂದು ಬಂದಿದ್ದರು. ಮೊದಲ ಕಂತಿಗೇ ಬಂದಿದ್ದರೆ ಎಂದು ಅನಿಸಿತು. ಆದರೆ ಕಳಿಸಿದವನೇ ನಾನಾಗಿರುವಾಗ ಅವರೇಕೆ ಬಂದು ಕೇಳಬೇಕಾಗಿತ್ತು?

ನಿಜದ ಯೋಜನೆ, ಸುಳ್ಳು ಬಾಗಿಲು

ಈ ಮೋಸ ಇಷ್ಟು ಸುಲಭವಾಗಿ ಹಬ್ಬಲು ಕಾರಣ, ಯೋಜನೆ ಸುಳ್ಳಲ್ಲದಿರುವುದು. ಪಿಎಂ ಕುಸುಮ್ ಎಂಬ ಯೋಜನೆಗೆ ಕೇಂದ್ರ ಸರ್ಕಾರ 2019ರಲ್ಲಿ ಮಂಜೂರಾತಿ ನೀಡಿತು. ಅದರ ‘ಬಿ’ ಭಾಗದ ಮಾರ್ಗಸೂಚಿಯಲ್ಲಿ ವಿದ್ಯುತ್ ಜಾಲದ ಸಂಪರ್ಕವಿಲ್ಲದ ಕಡೆ 7.5 ಅಶ್ವಶಕ್ತಿಯವರೆಗಿನ ಸೌರ ಪಂಪ್‌ಸೆಟ್ಟಿನ ವೆಚ್ಚದಲ್ಲಿ ಶೇ. 30 ಕೇಂದ್ರದ್ದು, ಕನಿಷ್ಠ ಶೇ. 30 ರಾಜ್ಯದ್ದು, ಉಳಿದದ್ದು ರೈತನದು ಎಂದಿತ್ತು. ನಮ್ಮ ರಾಜ್ಯದಲ್ಲಿ ಇದರ ಕೆಲಸವನ್ನು ಕ್ರೆಡಲ್ ಎಂದು ಕರೆಯುವ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತಕ್ಕೆ ವಹಿಸಲಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ಸರ್ಕಾರಿ ಯೋಜನೆಗೆ ಯಾರಾದರೂ ಹಣ ಕೇಳಿದರೆ ಅದು ಮೋಸ ಎಂದು ಭಾಷಣಗಳಲ್ಲಿ ಹೇಳುವುದುಂಟು. ನಾನೂ ಹೇಳಿದ್ದೇನೆ. ಆದರೆ ಈ ಯೋಜನೆಯಲ್ಲಿ ರೈತ ತನ್ನ ಪಾಲು ಕಟ್ಟುವುದು ನಿಜವಾಗಿಯೂ ಇತ್ತು. ಹನಿ ನೀರಾವರಿಗೂ ಕೃಷಿ ಯಂತ್ರಗಳಿಗೂ ರೈತರ ವಂತಿಕೆ ಇರುತ್ತದೆ. ಆದ್ದರಿಂದ ಹಣ ಕೇಳಿದರೆಂಬ ಒಂದೇ ಗುರುತಿನಿಂದ ಕಳ್ಳನನ್ನು ಹಿಡಿಯಲಾಗುವುದಿಲ್ಲ. ಯಾರ ಖಾತೆಗೆ ಕೇಳಿದರು ಎಂಬುದನ್ನು ನೋಡಬೇಕು. ನಮ್ಮ ರೈತರು ಕಳಿಸಿದ ಹಣ ಹೋದದ್ದು ಖಾಸಗಿ ವ್ಯಕ್ತಿಯೊಬ್ಬನ ಉಳಿತಾಯ ಖಾತೆಗೆ. ಹಣ ಕಳಿಸುವಾಗ ಫೋನ್‌ಪೇ, ಗೂಗಲ್ ಪೇ ಮೊದಲಾದವುಗಳಲ್ಲಿ ಪಿನ್ ಒತ್ತುವ ಮುನ್ನ ಪಡೆಯುವವರ ಹೆಸರು ಕಾಣಿಸುತ್ತದೆ. ಸರ್ಕಾರದ ನಿಗಮಕ್ಕೆ ಕಟ್ಟುವ ವಂತಿಕೆಗೆ ಯಾವನೋ ಒಬ್ಬನ ಹೆಸರೇಕೆ ಬರಬೇಕು? ಆ ಒಂದು ಸಾಲನ್ನು ಮಗ ಓದಿದ್ದನಂತೆ. ಸಾಹೇಬರ ಹೆಸರಿರಬೇಕು ಅಂದುಕೊಂಡನಂತೆ.

ಕುಸುಮ್ ಹೆಸರಿನಲ್ಲಿ ಖೊಟ್ಟಿ ತಾಣಗಳು ನೋಂದಣಿ ಶುಲ್ಕ ವಸೂಲು ಮಾಡುತ್ತಿವೆ ಎಂದು ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ ಯೋಜನೆ ಶುರುವಾದ 2019ರಲ್ಲಿಯೇ ಎಚ್ಚರಿಕೆ ಹೊರಡಿಸಿತು, 2020ರಲ್ಲಿ ಮತ್ತೆ ಹೊರಡಿಸಿತು. ಬಿತ್ತಿದ ಮರುದಿನವೇ ಕಳೆ ಎದ್ದಂತೆ! ಆ ಎಚ್ಚರಿಕೆ ನಮ್ಮ ಹೋಬಳಿಯ ರೈತರನ್ನು ಮುಟ್ಟಲಿಲ್ಲ. ಮುಟ್ಟಿಸಬೇಕಾದವರಲ್ಲಿ ನಾನೂ ಒಬ್ಬ.

ಹೆಸರನ್ನು ಕೊನೆಯಿಂದ ಓದಿ

ಈಗ ಚೀಟಿಯ ವಿಷಯಕ್ಕೆ ಬರೋಣ. ವಾಚನಾಲಯದಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳುವವರಿಗೆ ಒಂದು ವಿನಂತಿ. ಇಲ್ಲಿಂದ ಮುಂದಿನ ಭಾಗವನ್ನು ನಿಧಾನವಾಗಿ ಓದಿ, ವಿಳಾಸಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆದು ತೋರಿಸಿದರೆ ಒಳ್ಳೆಯದು.

ಯಾವುದೇ ಜಾಲತಾಣ ತೆರೆದಾಗ ಮೊಬೈಲಿನ ಪರದೆಯ ಮೇಲ್ಭಾಗದಲ್ಲಿ (ಕೆಲವು ಮೊಬೈಲುಗಳಲ್ಲಿ ಕೆಳಭಾಗದಲ್ಲಿ) ಒಂದು ಪಟ್ಟಿಯಿರುತ್ತದೆ. ಅದರಲ್ಲಿರುವುದು ತಾಣದ ವಿಳಾಸ. ಕೆಳಗಿರುವ ಲಾಂಛನ, ಚಿತ್ರ, ಮಂತ್ರಿಗಳ ಫೋಟೋ, ಸಹಾಯಧನದ ಕೋಷ್ಟಕ ಇವನ್ನೆಲ್ಲ ನಿಜವಾದ ತಾಣದಿಂದ ನಕಲು ಮಾಡಿ ಅಂಟಿಸಲು ಒಂದು ಗಂಟೆಯೂ ಬೇಕಾಗಿಲ್ಲ. ವಿಳಾಸವನ್ನು ಮಾತ್ರ ಹಾಗೆ ನಕಲು ಮಾಡಲು ಬರುವುದಿಲ್ಲ. ಒಂದು ವಿಳಾಸಕ್ಕೆ ಒಬ್ಬನೇ ಒಡೆಯ.

ವಿಳಾಸವನ್ನು ಓದುವ ಕ್ರಮ ಹೇಗೆಂದರೆ, ಉತ್ತರ ಕರ್ನಾಟಕದ ನಮ್ಮ ಬಂಧುಗಳ ಹೆಸರನ್ನು ನೆನೆಯಿರಿ. ಮೊದಲು ತನ್ನ ಹೆಸರು, ಆಮೇಲೆ ತಂದೆಯ ಹೆಸರು, ಕಡೆಗೆ ಮನೆತನದ ಅಡ್ಡಹೆಸರು. ಮೊದಲ ಹೆಸರು ಬಸವರಾಜ ಎಂದು ಯಾರಿಗೆ ಬೇಕಾದರೂ ಇದ್ದೀತು. ಯಾರ ಮನೆಯವನೆಂದು ತಿಳಿಯುವುದು ಕೊನೆಯ ಹೆಸರಿನಿಂದ. ಜಾಲತಾಣದ ವಿಳಾಸವೂ ಹಾಗೆಯೇ. ಮೊದಲ ಓರೆಗೆರೆ ಬರುವ ಜಾಗದಲ್ಲಿ ನಿಂತು ಅಲ್ಲಿಂದ ಹಿಂದಕ್ಕೆ, ಬಲದಿಂದ ಎಡಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಓದಬೇಕು. (ಮೊಟ್ಟಮೊದಲು ಎಚ್‌ಟಿಟಿಪಿಎಸ್ ಎಂದು ಬರೆದು ಅದರ ಮುಂದೆ ಹಾಕಿರುವ ಎರಡು ಓರೆಗೆರೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.) ಓರೆಗೆರೆಯ ಆಚೆ ಏನು ಬರೆದಿದ್ದರೂ ಒಡೆಯನ ಗುರುತಿಗೆ ಅದರಿಂದ ಉಪಯೋಗವಿಲ್ಲ.

ಕಿಸಾನ್ ಸಮ್ಮಾನ್ ಯೋಜನೆಯ ನಿಜವಾದ ವಿಳಾಸ ‘ಪಿಎಂಕಿಸಾನ್ ಡಾಟ್ ಜಿಒವಿ ಡಾಟ್ ಇನ್’. ಕೊನೆಯಿಂದ ಓದಿದರೆ ಮೊದಲು ಇನ್, ಅದರ ಹಿಂದೆ ಚುಕ್ಕೆ, ಅದರ ಹಿಂದೆ ಜಿಒವಿ, ಮತ್ತೆ ಚುಕ್ಕೆ. ‘ಜಿಒವಿ ಡಾಟ್ ಇನ್’ ಎಂಬ ಮನೆತನವನ್ನು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡಲಾಗುತ್ತದೆ. ಕೊಡುವುದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಹಣ ಕೊಡುತ್ತೇನೆಂದು ಖಾಸಗಿಯವರು ಹೋದರೂ ಸಿಗುವುದಿಲ್ಲ. ನಮ್ಮ ಪಹಣಿ, ಬೆಳೆ ವಿಮೆ, ‘ಫ್ರೂಟ್ಸ್’ ಇವೆಲ್ಲದರ ವಿಳಾಸಗಳೂ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂದೇ ಮುಗಿಯುತ್ತವೆ. ಇದಕ್ಕೆ ಬದಲಾಗಿ ಬರೀ ಡಾಟ್ ಇನ್, ಡಾಟ್ ಕಾಂ, ಡಾಟ್ ಆರ್ಗ್, ಡಾಟ್ ಆನ್‌ಲೈನ್ ಎಂಬ ಹೆಸರುಗಳನ್ನು ಕೆಲವು ನೂರು ರೂಪಾಯಿ ಕೊಟ್ಟು ಯಾರು ಬೇಕಾದರೂ ವರ್ಷಕ್ಕೆ ಗುತ್ತಿಗೆ ಹಿಡಿಯಬಹುದು.

ಕಳ್ಳರು ಈ ಹೆಸರಿನಲ್ಲಿ ಮಾಡುವ ಚೇಷ್ಟೆಗಳು ಮುಖ್ಯವಾಗಿ ಮೂರು ಬಗೆ. ಒಂದು, ಚುಕ್ಕೆಯ ಜಾಗದಲ್ಲಿ ಅಡ್ಡಗೀಟು ಹಾಕುವುದು. ‘ಪಿಎಂಕಿಸಾನ್’ ಬರೆದು, ಗೀಟೆಳೆದು, ‘ಜಿಒವಿ ಡಾಟ್ ಇನ್’ ಎಂದು ಬರೆದರೆ ಓಡುವ ಕಣ್ಣಿಗೆ ಸರ್ಕಾರದ್ದೇ ಎಂದು ಕಾಣುತ್ತದೆ. ಆದರೆ ಗೀಟು ಹೆಸರನ್ನು ಒಡೆಯುವುದಿಲ್ಲ, ಚುಕ್ಕೆ ಮಾತ್ರ ಒಡೆಯುತ್ತದೆ. ಆದ್ದರಿಂದ ಅದು ಪಿಎಂಕಿಸಾನ್‌ಜಿಒವಿ ಎಂದು ಯಾವನೋ ಕೊಂಡುಕೊಂಡ ಒಂದೇ ಉದ್ದನೆಯ ಹೆಸರು. ಎರಡನೆಯದು ಇನ್ನೂ ಜಾಣತನದ್ದು. ಸರ್ಕಾರದ ಇಡೀ ವಿಳಾಸವನ್ನು ಚುಕ್ಕೆಗಳ ಸಮೇತ ಮೊದಲು ಬರೆದು, ಅದಕ್ಕೆ ಬಾಲದಂತೆ ಮತ್ತೊಂದು ಹೆಸರನ್ನೂ ಡಾಟ್ ಕಾಂ ಅನ್ನೂ ಸೇರಿಸುವುದು. ಮೊಬೈಲಿನ ಸಣ್ಣ ಪಟ್ಟಿಯಲ್ಲಿ ಮುಂಭಾಗವಷ್ಟೇ ಕಂಡು ಬಾಲ ಮರೆಯಾಗುವುದುಂಟು. ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ವಿಳಾಸವನ್ನು ಎಡಕ್ಕೆ ಜರುಗಿಸುತ್ತ ಹೋದರೆ ಬಾಲ ಹೊರಬೀಳುತ್ತದೆ. ನಾನು ಆ ದಿನ ಮುದ್ದೆಯ ತಟ್ಟೆ ಬದಿಗಿಟ್ಟು ಇಷ್ಟು ಮಾಡಿದ್ದರೆ ಸಾಕಾಗಿತ್ತು. ಮೂರನೆಯದು ಅಕ್ಷರದ ಕೈಚಳಕ. ಇಂಗ್ಲಿಷಿನ ಸಣ್ಣ ಆರ್ ಮತ್ತು ಎನ್ ಒತ್ತಾಗಿ ಬಂದರೆ ಎಂ ಹಾಗೆ ಕಾಣುತ್ತದೆ, ಸೊನ್ನೆಗೂ ಒ ಅಕ್ಷರಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ವಯಸ್ಸಾದ ಕಣ್ಣುಗಳಿಗೆ ಇದನ್ನು ಹಿಡಿಯುವುದು ಕಷ್ಟ. ಅಂಥವರು ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತುವುದನ್ನೇ ಬಿಟ್ಟು, ವಿಳಾಸವನ್ನು ತಾವೇ ಕೈಯಿಂದ ಟೈಪು ಮಾಡಿಸುವುದು ಸುರಕ್ಷಿತ.

ವಿಳಾಸದ ಪಕ್ಕದಲ್ಲಿ ಬೀಗದ ಗುರುತಿದ್ದರೆ ತಾಣ ನಂಬಿಕಸ್ಥವೆಂದು ಕೆಲವು ವರ್ಷಗಳ ಹಿಂದೆ ಹೇಳಿಕೊಡುತ್ತಿದ್ದರು. ನಮ್ಮ ತರಬೇತಿಯಲ್ಲೂ ಹೇಳಿದ್ದರು. ಅದನ್ನು ಈಗ ಮರೆತುಬಿಡುವುದು ಒಳಿತು. ನಿಮ್ಮ ಮೊಬೈಲಿನಿಂದ ಆ ತಾಣಕ್ಕೆ ಹೋಗುವ ಮಾತನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂಬುದಷ್ಟೇ ಬೀಗದ ಅರ್ಥ. ತುದಿಯಲ್ಲಿ ಕುಳಿತವನೇ ಕಳ್ಳನಾದರೆ ದಾರಿ ಭದ್ರವಾಗಿದ್ದು ಫಲವೇನು? ಬೀಗ ಖೊಟ್ಟಿ ತಾಣಗಳಿಗೂ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಗೂಗಲ್ ಕಂಪನಿ 2023ರಲ್ಲಿ ತನ್ನ ಕ್ರೋಮ್‌ನಿಂದ ಆ ಚಿಹ್ನೆಯನ್ನು ತೆಗೆದುಹಾಕಿತು.

ಬ್ಯಾಂಕುಗಳ ವಿಷಯದಲ್ಲಿ ಒಂದು ಅನುಕೂಲವಾಗಿದೆ. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಆ ವರ್ಷದ ಏಪ್ರಿಲ್‌ನಲ್ಲಿ ಸೂಚಿಸಿತು. ಈ ಮನೆತನವೂ ಬ್ಯಾಂಕುಗಳಿಗಷ್ಟೇ ಮೀಸಲು. ಸ್ಟೇಟ್ ಬ್ಯಾಂಕಿನ ವಿಳಾಸ ಈಗ ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್’.

ಸರ್ಕಾರಕ್ಕೆ ಸಂಬಂಧಿಸಿದ ಕೆಲವು ಕೆಲಸಗಳು ಜಿಒವಿ ಎಂದು ಮುಗಿಯದ ತಾಣಗಳಲ್ಲೂ ನಡೆಯುವುದುಂಟು. ಹೀಗಾದಾಗ ರೈತ ಹೇಗೆ ತಿಳಿಯಬೇಕು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಸರ್ಕಾರದ ಕೆಲಸವೆಲ್ಲ ಒಂದೇ ಮನೆತನದ ಹೆಸರಿನಲ್ಲಿ ನಡೆಯಬೇಕೆಂಬುದು ನನ್ನ ಸ್ವಂತ ಅಭಿಪ್ರಾಯ. ಹಾಗಾಗುವವರೆಗೆ, ಸಂಶಯದ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಇಲಾಖೆಯ ಸುತ್ತೋಲೆಯಲ್ಲಿ ಆ ವಿಳಾಸವಿದ್ದರೆ ಸರಿ, ಇಲ್ಲದಿದ್ದರೆ ಬೇಡ.

ಗುಂಪಿಗೆ ಬರುವ ಕಡತ

ಜಾಲತಾಣವೇ ಇಲ್ಲದೆ ಮಾಡುವ ಮೋಸ ಇನ್ನೊಂದಿದೆ. ಪಿಎಂ ಕಿಸಾನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಒಂದು ಕಡತ ಬರುತ್ತದೆ. ಅದರ ಹೆಸರಿನ ತುದಿಯಲ್ಲಿ ‘ಡಾಟ್ ಎಪಿಕೆ’ ಎಂದಿರುತ್ತದೆ. ನಿಮ್ಮ ಕಂತು ತಡೆಹಿಡಿಯಲಾಗಿದೆ, ಇ-ಕೆವೈಸಿ ಮಾಡಲು ಇದನ್ನು ಒತ್ತಿ ಎಂದು ಜೊತೆಯಲ್ಲಿ ಬರೆದಿರುತ್ತಾರೆ. ವರ್ಷಕ್ಕೆ ಮೂರು ಕಂತಿನಲ್ಲಿ ಬರುವ 6,000 ರೂಪಾಯಿ ನಿಂತೀತೆಂಬ ಭಯಕ್ಕೆ ಒತ್ತುತ್ತಾರೆ.

ಎಪಿಕೆ ಎಂದರೆ ಓದುವ ಕಾಗದವಲ್ಲ. ಅದೊಂದು ಆ್ಯಪ್. ಮೊಬೈಲಿನೊಳಗೆ ಇಳಿದು ನಿಮ್ಮ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಅದಕ್ಕೆ ಒಪ್ಪಿದಿರೆಂದರೆ ಆಯಿತು, ಬ್ಯಾಂಕಿನಿಂದ ಬರುವ ಒಟಿಪಿ ಸಂಖ್ಯೆಗಳೆಲ್ಲ ನಿಮಗೆ ಗೊತ್ತಾಗದಂತೆ ಕಳ್ಳನಿಗೂ ತಲುಪುತ್ತವೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂಬ ಬುದ್ಧಿವಾದ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ನಿಮ್ಮನ್ನು ಯಾರೂ ಕೇಳುವುದೇ ಇಲ್ಲ. ಇಂಥ ಕಡತಗಳಲ್ಲಿ ಕೆಲವು, ಸಿಕ್ಕಿಬಿದ್ದವರ ವಾಟ್ಸ್‌ಆ್ಯಪ್‌ನಿಂದಲೇ ಅವರ ಗುಂಪುಗಳಿಗೆಲ್ಲ ಮತ್ತೆ ಹರಡುತ್ತವೆ. ಅಂದರೆ ಕಳಿಸಿದವರು ನಿಮ್ಮ ಅಣ್ಣನೋ ಸೊಸೈಟಿಯ ಕಾರ್ಯದರ್ಶಿಯೋ ನಾನೋ ಆಗಿರಬಹುದು. ಪರಿಚಯದವರಿಂದ ಬಂದಿತೆಂಬುದು ಯಾವ ಭರವಸೆಯೂ ಅಲ್ಲವೆಂದು ಮೇಲಿನ ಕಥೆಯಿಂದಲೇ ತಿಳಿದಿದ್ದೀರಿ.

ಪಿಎಂ ಕಿಸಾನ್ ಇ-ಕೆವೈಸಿಯನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಹೆಬ್ಬೆಟ್ಟು ಒತ್ತಿ ಮಾಡಿಸಬಹುದು. ಸರ್ಕಾರದ ತಾಣದಲ್ಲಿ ಆಧಾರ್ ಒಟಿಪಿಯಿಂದಲೂ, ಪ್ಲೇ ಸ್ಟೋರ್‌ನಿಂದ ಇಳಿಸಿಕೊಂಡ ಸರ್ಕಾರದ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಮಾಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಆ್ಯಪ್‌ನಿಂದ ಮಾಡುವ ಪದ್ಧತಿ ಇಲ್ಲವೇ ಇಲ್ಲ. ಎಸ್ಸೆಮ್ಮೆಸ್ ಬಂದರೆ ಕಳಿಸಿದವರ ಹೆಸರಿನ ತುದಿ ನೋಡಿ. 2025ರ ಮೇ ತಿಂಗಳಿಂದ ಸರ್ಕಾರದ ಸಂದೇಶಕ್ಕೆ ತುದಿಯಲ್ಲಿ ಗೀಟೆಳೆದು ‘ಜಿ’ ಅಕ್ಷರ, ಜಾಹೀರಾತಿಗೆ ‘ಪಿ’ ಎಂದು ಹಾಕುತ್ತಾರೆ. ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಸರ್ಕಾರದ ಹೆಸರಿನಲ್ಲಿ ಬಂದ ಸಂದೇಶವನ್ನು ನಂಬಬೇಡಿ.

ಗೊಬ್ಬರದ ಡೀಲರ್‌ಷಿಪ್ ಕೊಡುತ್ತೇವೆ, ಠೇವಣಿ ಕಳಿಸಿ ಎಂಬ ತಾಣಗಳ ಬಗೆಗೂ ನಮ್ಮಲ್ಲಿ ವಿದ್ಯಾವಂತ ತರುಣರು ಬಂದು ಕೇಳುತ್ತಿರುತ್ತಾರೆ. ರಸಗೊಬ್ಬರ ಮಾರಲು ಬೇಕಾದ ಅಧಿಕಾರ ಪತ್ರವನ್ನು 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಕೊಡುವುದು ಕೃಷಿ ಇಲಾಖೆ. ಮೊದಲು ಇಲ್ಲಿ ಬಂದು ವಿಚಾರಿಸಿದರೆ ಐದು ನಿಮಿಷದಲ್ಲಿ ಸತ್ಯ ತಿಳಿಯುತ್ತದೆ. ಹಳೇ ಟ್ರಾಕ್ಟರ್, ಎಮ್ಮೆ ಮಾರಲು ಮೊಬೈಲಿನಲ್ಲಿ ಜಾಹೀರಾತು ಹಾಕಿದವರಿಗೆ, ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಚೌಕವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವವರೂ ಇದ್ದಾರೆ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಬರುವ ಹಣಕ್ಕೆ ಪಿನ್ ಬೇಡ. ಇನ್ನು ಬ್ಯಾಂಕಿನ ಸಹಾಯವಾಣಿಯ ನಂಬರನ್ನು ಗೂಗಲ್‌ನಲ್ಲಿ ಹುಡುಕುವ ಬದಲು ಪಾಸ್‌ಬುಕ್ ಇಲ್ಲವೆ ಎಟಿಎಂ ಕಾರ್ಡಿನ ಹಿಂಬದಿ ನೋಡಿ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ‘ಪ್ರಾಯೋಜಿತ’ ಎಂದು ಬರುವುದು ಹಣ ಕೊಟ್ಟು ಹಾಕಿಸಿದ ಜಾಹೀರಾತು.

ಹಣ ಹೋದ ಮೇಲೆ

ನಮ್ಮ ರೈತರ ಕಥೆಗೆ ಮರಳುತ್ತೇನೆ. ಅವರು ಬಂದಾಗ ಬೆಳಿಗ್ಗೆ ಹನ್ನೊಂದು ಗಂಟೆ. 38,400 ರೂಪಾಯಿ ಕಳಿಸಿದ್ದು ಹಿಂದಿನ ದಿನ ಸಂಜೆ. ಕಚೇರಿಯಿಂದಲೇ 1930ಕ್ಕೆ ಫೋನು ಮಾಡಿಸಿದೆ. ಇದು ಸೈಬರ್ ವಂಚನೆಯ ದೂರಿಗಾಗಿ ಇಡೀ ದೇಶಕ್ಕಿರುವ ನಂಬರು. 2021ರಲ್ಲಿ ಬೇರೆ ನಂಬರಿನಲ್ಲಿ ಶುರುವಾಗಿ ಆಮೇಲೆ ಇದಕ್ಕೆ ಬದಲಾಯಿತು. ಹಣ ಹೋದ ಖಾತೆಯ ಬ್ಯಾಂಕಿಗೆ ಅಲ್ಲಿಂದಲೇ ಸುದ್ದಿ ಮುಟ್ಟಿ, ಖಾತೆಯಲ್ಲಿ ಉಳಿದಿರುವ ಹಣವನ್ನು ತಡೆಹಿಡಿಯುತ್ತಾರೆ. ಅವರು ಕೇಳುವುದು ಇಷ್ಟು: ನಿಮ್ಮ ಬ್ಯಾಂಕು ಮತ್ತು ಖಾತೆ, ಹಣ ಕಳಿಸಿದ ದಿನ ಮತ್ತು ಹೊತ್ತು, ಮೊತ್ತ, ಮತ್ತು ಯುಟಿಆರ್ ಎಂಬ 12 ಅಂಕಿಯ ಸಂಖ್ಯೆ. ಈ ಕಡೆಯದು ಫೋನ್‌ಪೇ, ಗೂಗಲ್ ಪೇಗಳ ಹಳೆಯ ಪಾವತಿಗಳ ಪಟ್ಟಿಯಲ್ಲಿ ಸಿಗುತ್ತದೆ. ಇವನ್ನೆಲ್ಲ ಕಾಗದದ ಮೇಲೆ ಬರೆದಿಟ್ಟುಕೊಂಡು ಫೋನು ಮಾಡಿದರೆ ಸಮಯ ಉಳಿಯುತ್ತದೆ. ‘ಸೈಬರ್‌ಕ್ರೈಂ ಡಾಟ್ ಜಿಒವಿ ಡಾಟ್ ಇನ್’ ತಾಣದಲ್ಲೂ ದೂರು ಬರೆಯಬಹುದು.

ಅಷ್ಟರಲ್ಲಿ ಹಣ ನಾಲ್ಕಾರು ಖಾತೆಗಳಿಗೆ ಹಂಚಿಹೋಗಿ ಹೆಚ್ಚಿನದು ಎಟಿಎಂನಿಂದ ಹೊರಬಿದ್ದಿತ್ತು. ತಡೆಹಿಡಿಯಲು ಸಿಕ್ಕಿದ್ದು 11,200 ರೂಪಾಯಿ. ಅದು ನ್ಯಾಯಾಲಯದ ಆದೇಶವಾಗಿ ಅವರ ಖಾತೆಗೆ ಮರಳಲು ಏಳು ತಿಂಗಳು ಹಿಡಿಯಿತು. ಮೊದಲು ಕಳಿಸಿದ 5,600ರ ಸುಳಿವೇ ಸಿಗಲಿಲ್ಲ. ಸಂಜೆಯೇ ಫೋನು ಮಾಡಿದ್ದರೆ ಹೆಚ್ಚು ಉಳಿಯುತ್ತಿತ್ತೆಂದು ಪೊಲೀಸರು ಹೇಳಿದರು. ಮೊದಲ ಒಂದೆರಡು ಗಂಟೆಯೇ ಮುಖ್ಯವಂತೆ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಒಯ್ಯುವುದರಂತೆಯೇ ಇದೂ.

ಬ್ಯಾಂಕಿಗೂ ಹೋದೆವು. ಖಾತೆದಾರನ ಅರಿವಿಲ್ಲದೆ ಹಣ ಹೋಗಿ, ತಪ್ಪು ಅವನದಲ್ಲದೆ ಹೊರಗಿನವರದಾಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವನ ತಲೆಗೆ ಬಾರದು ಎಂದು 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿತ್ತು. ತಾನಾಗಿ ಪಿನ್ ಒತ್ತಿ ಕಳಿಸಿದ ಹಣಕ್ಕೆ ಆ ರಕ್ಷಣೆ ಇರಲಿಲ್ಲ. ಮ್ಯಾನೇಜರು ಅದನ್ನು ಸಮಾಧಾನವಾಗಿಯೇ ತಿಳಿಸಿ ಹೇಳಿದರು. ಎಪಿಕೆ ಕಡತ ಒತ್ತಿ ಸಿಕ್ಕಿಬಿದ್ದವರು ಮಾತ್ರ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯುವುದನ್ನು ಬಿಡಬಾರದು. ಅಂಥವರು ಮೊದಲು ಮೊಬೈಲಿನ ಡೇಟಾ ನಿಲ್ಲಿಸಿ, ಬೇರೆಯವರ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ತಿಳಿಸಿ, ಬಳಿಕ ಆ ಆ್ಯಪನ್ನು ತೆಗೆಸಬೇಕು. ಹಣ ಕಳೆದುಕೊಳ್ಳದಿದ್ದರೂ ಇಂಥ ಫೋನು, ಸಂದೇಶ ಬಂದಾಗ ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ತಾಣದ ‘ಚಕ್ಷು’ ವಿಭಾಗಕ್ಕೆ ತಿಳಿಸಬಹುದು. 2024ರಲ್ಲಿ ಆರಂಭವಾದ ವ್ಯವಸ್ಥೆಯಿದು.

ಕಳೆದ ಹಣಕ್ಕಿಂತ ಆ ರೈತರನ್ನು ಹೆಚ್ಚು ಬಾಧಿಸಿದ್ದು ಊರಿನವರ ಮಾತು. ಓದಿದ ಮಗನನ್ನು ಇಟ್ಟುಕೊಂಡು ಮೋಸ ಹೋದರೆಂದು ಅರಳಿಕಟ್ಟೆಯಲ್ಲಿ ಆಡಿಕೊಂಡರಂತೆ. ಇದರಿಂದಾಗಿ ಇನ್ನೊಂದು ಕೆಡುಕಾಯಿತು. ಅದೇ ತಾಣಕ್ಕೆ 5,600 ಕಟ್ಟಿದ್ದ ಇನ್ನಿಬ್ಬರು ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ನಾನು ಗುಂಪಿನಲ್ಲಿ ತಪ್ಪೊಪ್ಪಿಕೊಂಡು, ಕಳಿಸಿದವನು ನಾನು, ಮೋಸ ಹೋದವರನ್ನು ಯಾರೂ ಆಡಿಕೊಳ್ಳಬೇಡಿ ಎಂದು ಬರೆದ ಮೇಲೆ ಒಬ್ಬರು ರಾತ್ರಿ ಹೊತ್ತು ಮನೆಗೆ ಬಂದು ಹೇಳಿದರು. ಇನ್ನೊಬ್ಬರ ವಿಷಯ ಅವರ ಹೆಂಡತಿಯಿಂದ ತಿಳಿಯಿತು. ಅಷ್ಟರಲ್ಲಿ ದೂರು ಕೊಟ್ಟು ಪ್ರಯೋಜನವಾಗುವ ಕಾಲ ಮೀರಿತ್ತು.

ಈಗ ನಮ್ಮ ಗುಂಪಿನಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಯೋಜನೆಯ ಕೊಂಡಿಯನ್ನು ನಾನೂ ಸೇರಿದಂತೆ ಯಾರೂ ಹಾಗೇ ಮುಂದಕ್ಕೆ ಕಳಿಸುವಂತಿಲ್ಲ. ಯೋಜನೆಯ ಹೆಸರು, ಕೇಳಬೇಕಾದ ಕಚೇರಿ, ಇಲಾಖೆಯ ಪತ್ರದ ಸಂಖ್ಯೆ ಇಷ್ಟನ್ನು ಬರೆಯಬೇಕು. ರೈತ ಸಂಪರ್ಕ ಕೇಂದ್ರದ ಹೊರಗೋಡೆಯಲ್ಲಿ ಸರ್ಕಾರದ ಆರು ತಾಣಗಳ ವಿಳಾಸಗಳನ್ನು ಇಂಗ್ಲಿಷ್, ಕನ್ನಡ ಎರಡರಲ್ಲೂ ಬಣ್ಣದಲ್ಲಿ ಬರೆಸಿದ್ದೇವೆ. ಮೊನ್ನೆ ಆ ಹಿರಿಯ ರೈತರು ಮೊಮ್ಮಗಳ ಮೊಬೈಲು ಹಿಡಿದು ಬಂದಿದ್ದರು. ಬೆಳೆ ಪರಿಹಾರದ್ದೆಂದು ಯಾರೋ ಕಳಿಸಿದ ತಾಣ. ವಿಳಾಸವನ್ನು ಬೆರಳಿನಿಂದ ಕೊನೆಯವರೆಗೂ ಜರುಗಿಸಿ, ಗೋಡೆಯ ಮೇಲಿನದಕ್ಕೆ ಹಿಡಿದು ನೋಡಿ, “ಈ ಮನೆತನದೋರು ನಮ್ ಕಡೆಯೋರಲ್ಲ, ಅಲ್ವಾ ಸಾರ್?” ಎಂದು ಕೇಳಿದರು. ಅಲ್ಲವೆಂದೆ.

ನಿಮ್ಮ ಊರಿನ ವಾಚನಾಲಯದ ಗೋಡೆಗೂ ಹೀಗೆ ಬರೆಸುವುದಾದರೆ ವಿಳಾಸಗಳ ಪಟ್ಟಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಪಡೆಯಬಹುದು. ಯೋಜನೆಯೊಂದು ನಿಜವೋ ಅಲ್ಲವೋ ಎಂಬುದನ್ನು ಕಿಸಾನ್ ಕಾಲ್ ಸೆಂಟರಿನ 1800-180-1551 ನಂಬರಿಗೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಫೋನು ಮಾಡಿ ಕನ್ನಡದಲ್ಲೇ ಕೇಳಬಹುದು. ಇದಕ್ಕೆ ಶುಲ್ಕವಿಲ್ಲ.